ಮೂರನೇ ಸೆಕ್ಷನ್ನಿನ ಏಳನೆಯವನು

ಅರಗಿನ ಡಬ್ಬದ ಮೇಲಿಟ್ಟಿದ್ದ ಫೋನು ಗುಂಯ್ ಅಂದಾಗ ಬೆಳಿಗ್ಗೆ ಹನ್ನೊಂದಾಗಿತ್ತು. ತಿರುಗುತ್ತಿದ್ದ ಹಾಲೆ ಮರದ ತುಂಡಿಗೆ ಉಳಿ ಕೊಟ್ಟಿದ್ದ ಮನೋಹರ ಕೈ ಹಿಂದಕ್ಕೆ ಎಳೆದುಕೊಂಡ. ಹನ್ನೆರಡು ದಿನದಿಂದ ಆ ಫೋನಿಗೆ ಅಣ್ಣನಿಂದ ಒಂದು ಮಾತೂ ಬಂದಿರಲಿಲ್ಲ. ಬರಲಿಲ್ಲವಲ್ಲ ಎಂದು ಹೆದರಿದ್ದವನಿಗೆ ಈಗ ಬಂದಿದೆಯಲ್ಲ ಎಂದು ಹೆದರಿಕೆಯಾಯಿತು.

ಇಪ್ಪತ್ತಾರು ಸೆಕೆಂಡಿನ ವಾಯ್ಸ್ ನೋಟು. ಲೇತು ಆರಿಸಿ ಕಿವಿಗೆ ಒತ್ತಿಕೊಂಡ.

"ಮನೂ, ನಾನು ಕಣ್ಲಾ. ಅಡುಗೆ ಮನೆಯಿಂದ ತೆಗುದ್ಬುಟ್ರು ನನ್ನ. ಮೂರನೇ ಸೆಕ್ಷನ್‌ಗೆ ಹಾಕವ್ರೆ. ಏಳು ಜನ ಇರ್ಬೇಕಂತೆ, ಆರೇ ಇದ್ರು. ನಾನು ಏಳನೆಯವ್ನು. ಬಂದೂಕು ಕೊಟ್ಟವ್ರೆ, ಹೆಂಗೆ ಹಿಡ್ಕಬೇಕು ಅಂತ ಒಸಿ ತೋರ್ಸುದ್ರು. ಅವ್ವಂಗೆ ಹೇಳ್ಬೇಡ. ಅರ್ಜಿ ಏನಾಯ್ತು ನೋಡ್ಲಾ." ನಡುವೆ ಯಾರೋ ತಿಳಿಯದ ಭಾಷೆಯಲ್ಲಿ ಗದರಿದ ಸದ್ದು. ಆಮೇಲೆ ತೀರಾ ಸಣ್ಣ ದನಿಯಲ್ಲಿ, "ಬೇಗ ನೋಡ್ಲಾ."

ಅಣ್ಣ ನಟರಾಜು ಹುಟ್ಟಿದಾಗಿಂದ ಯಾರನ್ನೂ ಬೇಗ ಮಾಡು ಅಂದವನಲ್ಲ. ಬಿಡದಿಯಲ್ಲಿ ತಟ್ಟೆ ಇಡ್ಲಿ ಹೋಟೆಲಿನ ಹಬೆಯ ಮುಂದೆ ಒಂಬತ್ತು ವರ್ಷ ನಿಂತವನು. ಫ್ಯಾಕ್ಟರಿ ಶಿಫ್ಟಿನವರು ಬಾಗಿಲಲ್ಲಿ ನೂಕಾಡುತ್ತಿದ್ದರೂ "ಬೇಯ್ಲಿ ಸಾಮಿ, ಅದಕ್ಕೂ ಒಂದು ಟೈಮ್ ಐತೆ" ಅನ್ನುತ್ತಿದ್ದ. ಅಂಥವನು ಈಗ ಬೇಗ ಎನ್ನುತ್ತಿದ್ದಾನೆ.

ಎದುರಿನ ಲೇತಿನಲ್ಲಿ ಕೂತಿದ್ದ ಸಾಬೀರ್ ಆ ವರ್ಕ್‌ಶಾಪಿನ ಯಜಮಾನ. ಚನ್ನಪಟ್ಟಣದಲ್ಲಿ ಮೂರು ತಲೆಯಿಂದ ಬೊಂಬೆ ಕಡೆಯುತ್ತಿದ್ದ ಮನೆ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟು ಬಂದ ಮನೋಹರನಿಗೆ ಉಳಿ ಹಿಡಿಯುವುದು ಕಲಿಸಿದವನೂ ಅವನೇ.

"ಏನಂತೆ?"

"ಅಡುಗೆಯಿಂದ ತೆಗುದ್ರಂತೆ ಸಾಬೀರಣ್ಣ. ಸೆಕ್ಷನ್‌ಗೆ ಹಾಕುದ್ರಂತೆ. ಹಂಗಂದ್ರೆ ಏನು?"

ಸಾಬೀರನಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಪೇಪರು ಓದುತ್ತಿದ್ದರು. ಮಾಗಡಿ ಕಡೆಯ ಪರಮಶಿವಯ್ಯನವರು ನಮ್ಮ ಸೈನ್ಯದಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಪಕ್ಕದ ಬೀದಿಯ ಮಗಳ ಮನೆಯಲ್ಲಿದ್ದರು, ಹೊತ್ತು ಹೋಗದೆ ದಿನಾ ಇಲ್ಲಿ ಬಂದು ಕೂರುತ್ತಿದ್ದರು. ವಾಯ್ಸ್ ನೋಟನ್ನು ಎರಡು ಸಲ ಹಾಕಿಸಿಕೊಂಡು ಕೇಳಿ, ಪೇಪರು ಮಡಿಸಿ, ಬಣ್ಣ ಹಾಕದ ಬೆರಳುದ್ದದ ಬೊಂಬೆಗಳ ಬುಟ್ಟಿಯನ್ನು ಎಳೆದುಕೊಂಡು ನೆಲಕ್ಕೇ ಕೂತರು.

"ನೋಡಪ್ಪ, ಆ ದೇಶದ ಸೇನೆ ನಮ್ದರಂಗೇ ಇರಾಕಿಲ್ಲ. ಹೆಸರು ಬೇರೆ, ತಲೆ ಲೆಕ್ಕ ಹೆಚ್ಚು ಕಮ್ಮಿ. ಆದ್ರೆ ಮೂಳೆ ಒಂದೇ." ಏಳು ಬೊಂಬೆ ಸಾಲಾಗಿ ನಿಲ್ಲಿಸಿದರು. "ಇದು ಸೆಕ್ಷನ್. ಎಲ್ಲಕ್ಕಿಂತ ಸಣ್ಣದು. ಇದರಂಥವು ಮೂರು ಸೇರುದ್ರೆ ಪ್ಲಟೂನು." ಇನ್ನೆರಡು ಸಾಲು ನಿಂತವು. "ಮೂರು ಪ್ಲಟೂನಿಗೆ ಒಂದು ಕಂಪನಿ. ಮೂರು ಕಂಪನಿ ಮೇಲೆ ಬೆಟಾಲಿಯನ್. ಅದರ ಮೇಲೆ ಬ್ರಿಗೇಡು. ನಿನ್ನ ಬುಟ್ಟಿ ಸಾಲಾಕಿಲ್ಲ ಸಾಬೀರ್."

"ಬೆಟಾಲಿಯನ್ ಮಾಡೋಕೆ ಒಂದು ವಾರ ಟೈಮ್ ಕೊಡಿ ಸಾ, ಕಡೆದು ಕೊಡ್ತೀನಿ," ಎಂದ ಸಾಬೀರ್. ಯಾರೂ ನಗಲಿಲ್ಲ. ಅವನಿಗೂ ನಗಿಸುವ ಮನಸ್ಸೇನಿರಲಿಲ್ಲ.

ಪರಮಶಿವಯ್ಯ ಒಂದು ಬೊಂಬೆಯನ್ನು ಎತ್ತಿ ದೂರ, ಬಾಗಿಲ ಬಳಿ ಸಾಬೀರನ ಚಪ್ಪಲಿ ಪಕ್ಕ ಇಟ್ಟರು. "ಬೆಟಾಲಿಯನ್ ಹಿಂದ್ಗಡೆ ಗಾಡಿ, ಡಾಕ್ಟ್ರು, ಅಡುಗೆ, ಎಲ್ಲಾ ಇರ್ತಾವೆ. ಇಷ್ಟು ದಿನ ನಿಮ್ಮಣ್ಣ ಇಲ್ಲಿದ್ದ." ಆಮೇಲೆ ಮುಂದಿನ ಸಾಲಿನಿಂದ ಒಂದು ಬೊಂಬೆಯನ್ನು ಬೆರಳಿನಿಂದ ಬೀಳಿಸಿ, ಚಪ್ಪಲಿ ಪಕ್ಕದ್ದನ್ನು ತಂದು ಆ ಜಾಗದಲ್ಲಿ ನಿಲ್ಲಿಸಿದರು. "ಈಗ ಇಲ್ಲಿ ಅವ್ನೆ."

"ಅಡುಗೆಯವ್ನನ್ನ ಯಾಕೆ ಸಾ? ಬಂದೂಕು ಗೊತ್ತಿರೋರು ಇರಾಕಿಲ್ವ?"

"ಜಾಗ ಖಾಲಿ ಬುಡಂಗಿಲ್ಲ ಕಣಪ್ಪ. ಮೇಲಿನವ್ನು ಕೇಳೋದು ಏಳು ಜನ ಅವ್ರಾ ಅಂತ. ಯಾವ ಏಳು ಜನ ಅಂತ ಕೇಳಾಕಿಲ್ಲ."

ಬಿದ್ದ ಬೊಂಬೆ ಉರುಳಿ ಲೇತಿನ ಕಾಲಿಗೆ ತಾಗಿ ನಿಂತಿತ್ತು. ತನ್ನ ಅಣ್ಣನಿಗಿಂತ ಮೊದಲು ಆ ಜಾಗದಲ್ಲಿದ್ದವನಿಗೂ ಒಂದು ಊರು, ಒಬ್ಬ ತಮ್ಮ ಇದ್ದಿರಬಹುದು ಎಂದು ಮನೋಹರನಿಗೆ ಹೊಳೆಯಿತು. ಅದರ ಮೇಲಿಂದ ಕಣ್ಣು ತೆಗೆದ.

ಎಲ್ಲವೂ ಶುರುವಾದದ್ದು ಬಿಡದಿಯ ಒಬ್ಬ ಏಜೆಂಟನಿಂದ. ಯುರೋಪಿನ ಒಂದು ದೇಶದಲ್ಲಿ ಮಿಲಿಟರಿ ಕ್ಯಾಂಟೀನು, ಅಡುಗೆ ಹೆಲ್ಪರ್ ಕೆಲಸ, ಯುದ್ಧಕ್ಕೂ ನಿಮಗೂ ಸಂಬಂಧವೇ ಇಲ್ಲ ಎಂದು ಆ ಹಲ್ಕಾ ಮನುಷ್ಯ ಹೋಟೆಲಿಗೇ ಬಂದು, ನಟರಾಜು ಬೇಯಿಸಿದ ಇಡ್ಲಿಯನ್ನೇ ತಿನ್ನುತ್ತಾ ಹೇಳಿದ್ದ. ಅಲ್ಲಿಗೆ ಹೋಗಿ ಇಳಿದ ದಿನವೇ ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಿಸಿಕೊಂಡು ಸಮವಸ್ತ್ರ ತೊಡಿಸಿದರು. ಈಗ ಏಜೆಂಟನ ಅಂಗಡಿಗೆ ಬೀಗ. ಅದರ ಮೇಲೆ ಟು-ಲೆಟ್ ಬೋರ್ಡು. ಮನೋಹರ ಎರಡು ಸಲ ಹೋಗಿ ಆ ಶಟರಿಗೆ ಒದ್ದು ಬಂದಿದ್ದ. ಕಾಲು ನೋವಾಗಿದ್ದಷ್ಟೇ ಲಾಭ.

ಊಟದ ಹೊತ್ತಿಗೆ ರಾಮನಗರದ ಕಚೇರಿಯಿಂದ ಫೋನು ಬಂತು. ವಿದೇಶದಲ್ಲಿ ಸಿಕ್ಕಿಬಿದ್ದವರನ್ನು ವಾಪಸು ಕರೆಸುವ ಅರ್ಜಿಗಳನ್ನು ದೆಹಲಿಗೆ ಕಳಿಸುವ ಕೆಲಸ ನೋಡುತ್ತಿದ್ದ ರಾಧಾಮಣಿ ಮೇಡಂ. "ಮನೋಹರ್, ಈಗ್ಲೇ ಹೊರಟು ಬನ್ನಿ. ಫೋನಲ್ಲಿ ಹೇಳೋದಲ್ಲ," ಎಂದರು.

ಫೋನಲ್ಲಿ ಹೇಳೋದಲ್ಲ ಎಂದ ಮೇಲೆ ಇನ್ನೇನಿರುತ್ತದೆ? ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವನು ರಾಮನಗರ ಬರುವ ತನಕ ಸರಳಿಗೆ ಹಣೆ ಒತ್ತಿಕೊಂಡೇ ಇದ್ದ. ಪಕ್ಕದಲ್ಲಿದ್ದ ರೇಷ್ಮೆಗೂಡಿನ ಚೀಲದ ಯಜಮಾನ "ಏನ್ಲಾ ಮಗ, ಜ್ವರವಾ?" ಎಂದು ಕೇಳಿದ. ಹೂಂ ಅಂದ.

ರಾಧಾಮಣಿ ಕುಡಿಯಲು ನೀರು ಕೊಟ್ಟು, ಇಂಗ್ಲಿಷಿನ ಒಂದು ಕಾಗದ ಮುಂದಿಟ್ಟರು. ಅವನು ಅದನ್ನು ತಿರುಗಿಸಿ ನೋಡಿ ಹಾಗೇ ವಾಪಸು ತಳ್ಳಿದ. ಅವರೇ ಹೇಳಿದರು.

"ನಿಮ್ಮಣ್ಣ ಬದುಕಿದ್ದಾರೆ. ಅವರಿಗೇನೂ ಆಗಿಲ್ಲ, ಮೊದ್ಲು ನೀರು ಕುಡೀರಿ. ವಾಪಸ್ ಕರೆಸೋರ ಪಟ್ಟಿಯಿಂದ ಹೆಸರು ತೆಗೆದಿದಾರೆ, ಅದು ಸಮಸ್ಯೆ. ಅಡುಗೆ ಕೆಲಸ ಅಂತ ಮೋಸ ಮಾಡಿ ಕರ್ಕೊಂಡು ಹೋದ್ರು ಅಂತ ಅರ್ಜೀಲಿ ಬರ್ದಿದೀರ. ಲಗತ್ತಿನಲ್ಲಿ ನೋಡಿದ್ರೆ ಇದಿದೆ."

ಆ ಕಾಗದದ ಹಿಂದೆ ಪಿನ್ನು ಹೊಡೆದಿದ್ದ ಫೋಟೋ ತಿರುಗಿಸಿದರು.

ಊರ ಬಾಗಿಲಿನ ಫ್ಲೆಕ್ಸು. ನಟರಾಜು ಮೊದಲ ವಾರ ಕಳಿಸಿದ್ದ ಸಮವಸ್ತ್ರದ ಫೋಟೋ ಆಳುದ್ದಕ್ಕೆ. ಹಿಂದೆ ಟ್ಯಾಂಕು, ಹದ್ದು, ಹಿಮದ ಬೆಟ್ಟ. "ವಿದೇಶಿ ಸೇನೆಯಲ್ಲಿ ಸೆಕ್ಷನ್ ಕಮಾಂಡರ್ ಆಗಿ ಆಯ್ಕೆಯಾಗಿರುವ ನಮ್ಮೂರ ಹೆಮ್ಮೆಯ ಪುತ್ರ ಶ್ರೀ ನಟರಾಜುರವರಿಗೆ ಹಾರ್ದಿಕ ಅಭಿನಂದನೆಗಳು." ಕೆಳಗೆ ಶುಭ ಕೋರುವ ಗೆಳೆಯರ ದುಂಡು ದುಂಡು ಮುಖಗಳು. ಎಡದಿಂದ ಮೊದಲನೆಯದು ಕಪ್ಪು ಕನ್ನಡಕದ ಮನೋಹರನದೇ.

ಫ್ಲೆಕ್ಸು ಅವನ ಐಡಿಯಾ. ನಟರಾಜುವಿನ ವೀಳ್ಯಶಾಸ್ತ್ರದ ದಿನ, ಅವನಿಗೆ ಗೊತ್ತು ಮಾಡಿದ್ದ ಉಯ್ಯಂಬಳ್ಳಿಯ ಹುಡುಗಿ ಭಾನುಪ್ರಿಯಳ ಸೋದರಮಾವ, ಎಲೆ ಮುಂದೆ ಕೂತು ಹತ್ತು ಜನರ ಎದುರು, "ನಮ್ಮ ಹುಡ್ಗೀಗೆ ಇನ್ನು ಇಡ್ಲಿ ಬರ ಇಲ್ಲ ಬುಡಿ" ಎಂದು ನಕ್ಕಿದ್ದ. ನಟರಾಜುವೂ ನಕ್ಕಿದ್ದ. ಮನೋಹರನಿಗೆ ಆ ನಗು ಮೈಯಲ್ಲಿ ಮುಳ್ಳಾಗಿ ಉಳಿದಿತ್ತು. ಸಮವಸ್ತ್ರದ ಫೋಟೋ ಬಂದ ದಿನವೇ ಫ್ಲೆಕ್ಸು ಅಂಗಡಿಗೆ ಓಡಿದ. "ಪೋಸ್ಟು ಏನ್ ಹಾಕ್ಲಿ?" ಎಂದು ಅಂಗಡಿಯವನು ಕೇಳಿದಾಗ ಪರಮಶಿವಯ್ಯನವರ ಬಾಯಲ್ಲಿ ಕೇಳಿದ್ದ, ಅರ್ಥ ಗೊತ್ತಿಲ್ಲದ ಒಂದು ಪದ ನೆನಪಾಯಿತು: ಸೆಕ್ಷನ್ ಕಮಾಂಡರ್. ಅಡುಗೆ ಹೆಲ್ಪರಿಗೆ ಯಾರು ಫ್ಲೆಕ್ಸು ಹಾಕಿಸುತ್ತಾರೆ?

ಇನ್ನು ಅರ್ಜಿ ಬರೆಯುವಾಗ, ಅಣ್ಣ ಆ ಸೇನೆಯಲ್ಲಿದ್ದಾನೆ ಅನ್ನುವುದಕ್ಕೆ ಏನಾದರೂ ದಾಖಲೆ ಇದ್ದರೆ ಲಗತ್ತಿಸಿ ಎಂದಿದ್ದರು. ಕರಾರಿನ ಕಾಗದ ಏಜೆಂಟನ ಜೊತೆಯೇ ಮಾಯವಾಗಿತ್ತು. ನಮ್ಮ ಕಡೆ ಬೋರ್‌ವೆಲ್ ಕೊರೆದರೂ, ರಸ್ತೆಗೆ ಟಾರು ಬಿದ್ದರೂ, ಆಯಿತು ಅನ್ನುವುದಕ್ಕೆ ಸಾಕ್ಷಿ ಫ್ಲೆಕ್ಸೇ ತಾನೆ. ಅದರ ಫೋಟೋ ತೆಗೆದು ಲಗತ್ತಿಸಿದ. ಅದರಲ್ಲೇನು ಬರೆದಿದೆ ಎಂದು ಒಂದು ಸಲ ಓದಲೂ ಇಲ್ಲ.

"ಕಮಾಂಡರ್ ಅಂದ್ರೆ ಇಷ್ಟಪಟ್ಟು ಸೇರಿದವ್ರು ಅಂತ ಲೆಕ್ಕ," ಎಂದರು ರಾಧಾಮಣಿ. "ಅವರದು ಬೇರೆ ಪಟ್ಟಿ, ಅದು ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ಇದು ನಿಜವಾ?"

"ಸುಳ್ಳು ಮೇಡಂ. ನಾನೇ ಹಾಕ್ಸಿದ್ದು."

ಬೆಳಗಿನ ವಾಯ್ಸ್ ನೋಟನ್ನೂ ಕೇಳಿಸಿದ. ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಈ ಪಟ್ಟಿ ನಾಳೆ ಸಂಜೆ ಐದಕ್ಕೆ ಮುಗಿಯತ್ತೆ. ಅರ್ಜಿ ನಿಮ್ಮ ತಾಯಿ ಹೆಸರಲ್ಲಿದೆ. ಫ್ಲೆಕ್ಸಲ್ಲಿರೋದು ಸುಳ್ಳು, ನನ್ನ ಮಗ ಅಡುಗೆಯವನು, ಈಗ ಮುಂಚೂಣಿಗೆ ತಳ್ಳಿದಾರೆ ಅಂತ ಅವರು ಪ್ರಮಾಣ ಮಾಡಿ ಸಹಿ ಹಾಕ್ಬೇಕು. ಇಲ್ಲೇ, ನೋಟರಿ ಮುಂದೆ, ಓದಿಸಿಕೊಂಡು ಕೇಳಿ. ಅವರಿಗೆ ಗೊತ್ತಿದೆಯಲ್ಲ?"

ಅವ್ವನಿಗೆ ಏನೂ ಗೊತ್ತಿರಲಿಲ್ಲ. ಅಡುಗೆಗೆ ಹೋದವನು ಅಲ್ಲಿ ಕಮಾಂಡರ್ ಆದ ಎಂದೇ ನಂಬಿದ್ದಳು. ಅರ್ಜಿಗೆ ಸಹಿ ಹಾಕಿಸಿದ್ದು ರಜೆಗೆ ಎಂದು ಹೇಳಿ.

ಊರು ಸೇರುವ ಹೊತ್ತಿಗೆ ಇನ್ನೂ ಬೆಳಕಿತ್ತು. ಅವ್ವ ಶಿವಲಿಂಗಮ್ಮ ಹುಳುಮನೆಯಲ್ಲಿದ್ದಳು. ರೇಷ್ಮೆ ಹುಳು ಅವತ್ತೇ ಹಣ್ಣಾಗಿದ್ದವು. ಮೈ ಹೊಳೆಯುತ್ತಿದ್ದ ಒಂದೊಂದನ್ನೇ ಆರಿಸಿ ಬಿದಿರಿನ ಚಂದ್ರಿಕೆಯ ಸುತ್ತಿನೊಳಗೆ ಬಿಡುತ್ತಿದ್ದಳು. ಅವು ಅಲ್ಲಿ ಗೂಡು ಕಟ್ಟಬೇಕು. ಆ ಕೆಲಸ ಶುರುವಾದರೆ ನಡುವೆ ನಿಲ್ಲಿಸುವಂತಿಲ್ಲ. ಪಕ್ಕದ ಮನೆಯ ಮಾಯಮ್ಮ ಸಹಾಯಕ್ಕೆ ಬಂದಿದ್ದಳು.

"ಬಾರಪ್ಪ, ಕೈ ತೊಳ್ಕೊಂಡು ಬಾ," ಎಂದಳು ಅವ್ವ. "ಮಾಯಮ್ಮಂಗೆ ಹೇಳ್ತಿದ್ದೆ, ನಮ್ಮ ನಟರಾಜು ಕೈಕೆಳಗೆ ಆರು ಜನವಂತೆ. ಇವ್ನು ಹೂಂ ಅಂದ್ರೆ ಅವ್ರು ನಡೀಬೇಕಂತೆ. ಮನೇಲಿ ಒಂದು ಬೆಕ್ಕೂ ಅವ್ನ ಮಾತು ಕೇಳ್ತಿರ್ಲಿಲ್ಲ."

"ಕಮಾಂಡರ್ರು ಅಂದ್ರೆ ಸುಮ್ನೇನಾ," ಎಂದಳು ಮಾಯಮ್ಮ.

ಮನೋಹರ ಕೈ ತೊಳೆದು ಬಂದು ಕೂತ. ಹುಳು ಆರಿಸಿದ. ಒಂದು ಚಂದ್ರಿಕೆ ತುಂಬಿತು. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಅವ್ವ ಇನ್ನೇನೋ ಹೇಳುತ್ತಿದ್ದಳು. ಮಾಯಮ್ಮ ಕಾಫಿ ಕಾಯಿಸಲು ಎದ್ದು ಹೋದ ಮೇಲೆ, ಮುಖ ಎತ್ತದೆ ಹೇಳಿದ.

"ಅವ್ವಾ, ಫ್ಲೆಕ್ಸಲ್ಲಿ ಬರ್ಸಿದ್ದು ಸುಳ್ಳು. ಅಣ್ಣ ಕಮಾಂಡರ್ ಅಲ್ಲ. ಅಡುಗೆ ಮಾಡ್ಕೊಂಡಿದ್ದ. ನಾನು ಮರ್ಯಾದೆಗೆ ಅಂತ ಹಂಗೆ ಹಾಕುಸ್ಬುಟ್ಟೆ."

ಅವಳ ಕೈ ನಿಲ್ಲಲಿಲ್ಲ. "ಅಡುಗೆಯಾದ್ರೆ ಒಳ್ಳೇದಾಯ್ತಲ್ಲ. ಒಳಗಿರ್ತಾನೆ."

"ಈಗ ಅಡುಗೇಲೂ ಇಲ್ಲ. ಯುದ್ಧ ಮಾಡೋ ಸೆಕ್ಷನ್‌ಗೆ ಹಾಕವ್ರೆ. ಅಲ್ಲಿ ಒಬ್ಬ ಕಮ್ಮಿ ಆಗಿದ್ನಂತೆ."

ಆಗ ನಿಂತಿತು. ಬೆರಳ ನಡುವಿನ ಹುಳು ತಲೆ ಎತ್ತಿ ಗಾಳಿಯಲ್ಲಿ ತಡಕಾಡುತ್ತಿತ್ತು. ಬಹಳ ಹೊತ್ತು ಅವಳು ಅದನ್ನೇ ನೋಡುತ್ತಿದ್ದಳು.

"ಅವ್ನ ಮುಂದುಕ್ಕೆ ಯಾರವ್ರೆ?"

ಮನೋಹರನಿಗೆ ವರ್ಕ್‌ಶಾಪಿನ ನೆಲ ಕಣ್ಣ ಮುಂದೆ ಬಂತು. ಸೆಕ್ಷನ್ನಿನ ಮುಂದೆ ಪರಮಶಿವಯ್ಯನವರು ಯಾವ ಬೊಂಬೆಯನ್ನೂ ಇಟ್ಟಿರಲಿಲ್ಲ. ಬರೀ ನೆಲವಿತ್ತು.

"ಹೇಳ್ಲಾ."

"ಯಾರೂ ಇಲ್ಲ ಕಣವ್ವಾ."

ಅವಳು ಅಳಲಿಲ್ಲ, ಅವನಿಗೆ ಹೊಡೆಯಲೂ ಇಲ್ಲ. ಹುಳುವನ್ನು ಚಂದ್ರಿಕೆಗೆ ಬಿಟ್ಟಳು. ಮಾಯಮ್ಮ ತಂದ ಕಾಫಿ ಆರಿತು. ಉಳಿದ ಹುಳುಗಳನ್ನೆಲ್ಲ ತಾಯಿ ಮಗ ಆರಿಸಿ ಮುಗಿಸಿದ ಮೇಲೆ, ನಾಳೆ ರಾಮನಗರಕ್ಕೆ ಬಂದು ಸಹಿ ಹಾಕಬೇಕು ಎಂದ.

ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ ಇನ್ನೊಂದು ವಾಯ್ಸ್ ನೋಟು ಬಂತು. ಹನ್ನೊಂದು ಸೆಕೆಂಡು. ಅವ್ವನೇ, "ಜೋರಾಗಿ ಹಾಕು" ಎಂದಳು.

"ಮನೂ, ಐದು ಜನ ಉಳ್ಕೊಂಡಿದೀವಿ. ಮುಂದಿನ ವಾರ ಇನ್ನೂ ಮುಂದುಕ್ಕಂತೆ. ಅವ್ವ ಚೆನ್ನಾಗವ್ಳಾ?"

ಶಿವಲಿಂಗಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಬಸ್ಸು ಬಂತು.

ನೋಟರಿ ಬಂದದ್ದೇ ಮೂರರ ಮೇಲೆ. ಅವರು ಓದಿದ್ದನ್ನೆಲ್ಲ ಅವಳು ತಲೆ ಆಡಿಸುತ್ತಾ ಕೇಳಿದಳು. 'ನನ್ನ ಕಿರಿಯ ಮಗ ಸುಳ್ಳು ಹೇಳಿರುತ್ತಾನೆ' ಎಂಬ ಸಾಲು ಬಂದಾಗ ಒಂದು ಕ್ಷಣ ಮನೋಹರನ ಕಡೆ ನೋಡಿದಳು. ಆ ನೋಟದಲ್ಲಿ ಏನಿತ್ತು ಎಂದು ನೋಡುವ ಧೈರ್ಯ ಅವನಿಗಿರಲಿಲ್ಲ. ಅವಳಿಗೆ ಬರೆಯಲು ಬರುತ್ತಿದ್ದುದು ತನ್ನ ಹೆಸರೊಂದೇ. ಮೊದಲ ಸಲ ಪೆನ್ನು ಜಾರಿ 'ಲಿಂ' ಅನ್ನುವುದು ಗೀಟಾಯಿತು. ಸಹಿ ಹಳೆಯದಕ್ಕೆ ತಾಳೆಯಾಗುವುದಿಲ್ಲ ಎಂದರು. ಎರಡನೆಯದೂ ಆಗಲಿಲ್ಲ. ಗೋಡೆಯ ಗಡಿಯಾರದಲ್ಲಿ ನಾಲ್ಕೂ ಹತ್ತು. ರಾಧಾಮಣಿ ಅವಳನ್ನು ಫ್ಯಾನಿನ ಕೆಳಗೆ ಕೂರಿಸಿ, ಬೆರಳುಗಳನ್ನು ತಮ್ಮ ಎರಡು ಕೈಯಲ್ಲಿ ಹಿಡಿದು ಉಜ್ಜಿದರು. "ಅಮ್ಮ, ಇದು ನಿಮ್ಮ ಮಗನ್ನ ವಾಪಸ್ ಕರೀತಿರೋ ಕಾಗದ. ನಿಧಾನಕ್ಕೆ ಬರೀರಿ." ಮೂರನೆಯ ಸಲ ಸಹಿ ಕೂತಿತು. ನಾಲ್ಕೂ ಮುಕ್ಕಾಲಿಗೆ ಕಾಗದ ದೆಹಲಿಗೆ ಹೋಯಿತು.

ಸೋಮವಾರ ಪಟ್ಟಿಯಲ್ಲಿ ಹೆಸರು ಬಂತು. ಮಂಗಳವಾರ ಆ ದೇಶದವರು ಒಪ್ಪಿದರು. ಬಿಡುಗಡೆಯ ಆರ್ಡರು ಹೊರಟಿದೆ ಎಂದು ರಾಧಾಮಣಿ ಫೋನು ಮಾಡಿದಾಗ ಸಾಬೀರ್ ಎದ್ದು ಬಂದು ಮನೋಹರನ ತಲೆ ಸವರಿದ. ಪರಮಶಿವಯ್ಯನವರು ಮಾತ್ರ ಮುಖ ಸಡಿಲಿಸಲಿಲ್ಲ.

"ಆರ್ಡರು ಮೇಲಿಂದ ಇಳೀಬೇಕು. ಬ್ರಿಗೇಡಿಗೆ ಬಂದು, ಬೆಟಾಲಿಯನ್‌ಗೆ ಬಂದು, ಕಂಪನಿ, ಪ್ಲಟೂನು. ಒಂದು ಮೆಟ್ಲನ್ನೂ ಬುಟ್ಟು ನೆಗ್ಯಂಗಿಲ್ಲ. ಯಾರೂ ನೇರ ನಿಮ್ಮಣ್ಣನ ಕೈಗೆ ಕೊಡಾಕಿಲ್ಲ."

ಶಿವಲಿಂಗಮ್ಮ ಈಗ ಮನೆಯಲ್ಲಿ ಇರಲೊಲ್ಲಳು. ಗೂಡು ಬಿಡಿಸುವುದನ್ನು ಮಾಯಮ್ಮನಿಗೆ ಒಪ್ಪಿಸಿ, ಮಗನ ಜೊತೆ ದಿನಾ ಚನ್ನಪಟ್ಟಣಕ್ಕೆ ಬಂದು ವರ್ಕ್‌ಶಾಪಿನ ಬಾಗಿಲಲ್ಲಿ ಕೂರುತ್ತಿದ್ದಳು. ಫೋನು ಅವಳ ಮಡಿಲಲ್ಲೇ ಇರಬೇಕು. ಬುಧವಾರ ಬೆಳಿಗ್ಗೆ ಬೆಟಾಲಿಯನ್‌ಗೆ ಆರ್ಡರು ತಲುಪಿತು ಎಂದು ರಾಧಾಮಣಿ ಫೋನಲ್ಲಿ ಹೇಳಿದರು. ಸಂಜೆ ಕಂಪನಿಗೆ. ಮನೋಹರ ಕಡೆದ ಮರವೆಲ್ಲ ಸೊಟ್ಟ ಬಂತು. ಸಾಬೀರ್ ಅದನ್ನು ಸೌದೆಯ ಚೀಲಕ್ಕೆ ಹಾಕಿದ. ನಟರಾಜುವಿನಿಂದ ಆರು ದಿನವಾದರೂ ಮಾತಿಲ್ಲ. ಮುಂದಿನ ವಾರ ಎಂದು ಅವನು ಹೇಳಿದ್ದ ವಾರ ಇದೇ. ಆ ಕಾಗದ ಮೆಟ್ಟಿಲು ಇಳಿಯುತ್ತಿರುವಷ್ಟೇ ಹೊತ್ತಿನಲ್ಲಿ ಆ ಐದು ಜನ ಯಾವ ಹೊಲದಲ್ಲಿ, ಯಾವ ಹಳ್ಳದಲ್ಲಿ ಮುಂದೆ ಮುಂದೆ ಹೋಗುತ್ತಿದ್ದಾರೋ.

ಗುರುವಾರ ಮಧ್ಯಾಹ್ನ ರಾಧಾಮಣಿಯ ಫೋನು ಬಂದಾಗ ಅವ್ವ ಅದನ್ನು ಬಿಸಿ ಪಾತ್ರೆಯಂತೆ ಎರಡೂ ಕೈಯಲ್ಲಿ ಹಿಡಿದು ತಂದಳು. ಮನೋಹರ ಸ್ಪೀಕರಿಗೆ ಹಾಕಿದ.

"ಪ್ಲಟೂನಿಗೆ ಹೋಗಿದೆ," ಎಂದರು ರಾಧಾಮಣಿ. ದನಿಯಲ್ಲಿ ಸಂತೋಷವಿರಲಿಲ್ಲ. "ಅಲ್ಲಿಂದ ಉತ್ತರ ಬಂದಿದೆ. ಮೂರನೇ ಸೆಕ್ಷನ್ ಬೆಳಗಿನ ಜಾವ ಮುಂದಕ್ಕೆ ಹೋಗಿದೆಯಂತೆ. ವಾಪಸ್ ಬಂದ ತಕ್ಷಣ ಆರ್ಡರ್ ಕೊಡ್ತೀವಿ ಅಂದಿದಾರೆ."

"ಯಾವಾಗ ಬರ್ತಾರಂತೆ ಮೇಡಂ?"

"ಅದನ್ನ ಬರ್ದಿಲ್ಲ, ಮನೋಹರ್."

ಫೋನು ಕಟ್ಟಾಯಿತು. ಪರಮಶಿವಯ್ಯನವರು ಕನ್ನಡಕ ತೆಗೆದು ಒರೆಸುತ್ತಾ ಕೂತರು. ಶಿವಲಿಂಗಮ್ಮ ಅವರ ಕಡೆಗೇ ತಿರುಗಿದಳು.

"ಸ್ವಾಮೀ, ಕಾಗದ ಇರೋ ಜಾಗಕ್ಕೂ ನನ್ನ ಮಗ ಇರೋ ಜಾಗಕ್ಕೂ ಎಷ್ಟು ದೂರ ಇರ್ಬೋದು?"

ಅವರು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಪ್ಲಟೂನಿಗೂ ಸೆಕ್ಷನ್‌ಗೂ ಬಾಳ ದೂರ ಇರಾಕಿಲ್ಲ ತಾಯಿ. ಜೋರಾಗಿ ಕೂಗುದ್ರೆ ಕೇಳುಸ್ತದೆ. ಆದ್ರೆ ಅಲ್ಲಿ ಯಾರೂ ಕೂಗಂಗಿಲ್ಲ."

ಅವಳು ಎದ್ದಳು. ಹೊಸಿಲು ದಾಟಿ ಬೀದಿಯಲ್ಲಿ ನಿಂತು, ಬಿಸಿಲಿಗೆ ಕೈ ಅಡ್ಡ ಹಿಡಿದು, ಬಸ್ಸು ಆಟೋ ಓಡಾಡುತ್ತಿದ್ದ ರಸ್ತೆಯ ಆಚೆ ತುದಿ ನೋಡಿದಳು. ಆಮೇಲೆ, ಊಟಕ್ಕೆ ಹೊತ್ತಾಯಿತೆಂದು ಹೊಲದ ಕೊನೆಯಲ್ಲಿರುವವನನ್ನು ಕರೆಯುವ ಹಾಗೆ, ಗಂಟಲು ತುಂಬಾ ಕರೆದಳು.

"ನಟರಾಜೂ…"

ಎದುರಿನ ಟೀ ಅಂಗಡಿಯವರು ತಿರುಗಿ ನೋಡಿದರು. ಮನೋಹರ ಓಡಿಹೋಗಿ ಅವಳ ತೋಳು ಹಿಡಿದ, ಒಳಗೆ ಕರೆದುಕೊಂಡು ಬರಲೆಂದು. ಅವಳು ಕೊಡವಿಕೊಂಡು ಮತ್ತೆ ಕರೆದಳು. ಒಳಗೆ ಇನ್ನೊಂದು ಲೇತು ಗುರ್ ಎನ್ನುತ್ತಿತ್ತು. ಸಾಬೀರ್ ಹೋಗಿ ಅದನ್ನು ಆರಿಸಿದ.